ಚಾರ್ಜರ್ ಸೇರಿ ಒಂದು ಕಿಲೋ

ನಮ್ಮ ಚಿಕ್ಕಪ್ಪ ದೇವರನ್ನು ನಂಬುತ್ತಾರೆ, ಆದರೆ ತೂಗಿದ ಮೇಲೆ. ಇದು ಗಾಳಿಮಾತಲ್ಲ. ಮನೆಯ ಬೆಳ್ಳಿ ಗಣಪತಿಯನ್ನು ಪ್ರತಿವರ್ಷ ಚೌತಿಯ ಹಿಂದಿನ ದಿನ ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿ, ಬೀದಿಯ ಅಕ್ಕಸಾಲಿಗನ ಅಂಗಡಿಗೆ ಒಯ್ದು ತೂಗಿಸುತ್ತಾರೆ. "ಈ ವರ್ಷ ಅರ್ಧ ಗ್ರಾಂ ಸವೆದವ್ನೆ" ಎಂದು ಘೋಷಣೆಯಾದ ಮೇಲೆಯೇ ಗಣಪತಿಗೆ ಮಂಟಪ, ಕಡುಬು ಎಲ್ಲ. ಹಾಗೆ ವರ್ಷಾವರ್ಷ ಉಜ್ಜಿದರೆ ದೇವರಾದರೇನು, ಸವೆಯದೆ ಇರುತ್ತಾನೆಯೇ? ಚಿಕ್ಕಮ್ಮ ಒಮ್ಮೆ ಹಾಗೆಂದೂ ನೋಡಿದರು. ಮರುವರ್ಷ ಚಿಕ್ಕಪ್ಪ ಹುಣಸೆಹಣ್ಣನ್ನೂ ತೂಗಿದರು.

ಇಂಥವರ ಮನೆಯಲ್ಲಿ ಬೆಳೆದವಳು ನಾನು. ನನಗೀಗ ನಲವತ್ತನಾಲ್ಕು. ನಗುವವರು ನಕ್ಕುಕೊಂಡು ಓದಿ, ನನ್ನದೇನೂ ಅಭ್ಯಂತರವಿಲ್ಲ. ನನಗೆ ಮಾತ್ರ ಈ ಸಂಗತಿಯಲ್ಲಿ ನಗು ಬರುವುದು ಕಮ್ಮಿ.

ನಾವು ತಿಪಟೂರಿನ ಕಡೆಯವರು. ಅಪ್ಪ ವಿಶಾಖಪಟ್ಟಣದ ಒಂದು ದೊಡ್ಡ ಕಾರ್ಖಾನೆಗೆ ಇಂಜಿನಿಯರಾಗಿ ಬಂದರು. ಬೆನ್ನಿಗೇ ತಮ್ಮನನ್ನೂ ಕರೆಸಿಕೊಂಡು ಅದೇ ಕಾರ್ಖಾನೆಯ ವೇ ಬ್ರಿಡ್ಜಿನಲ್ಲಿ ಕೆಲಸಕ್ಕೆ ಹಚ್ಚಿದರು. ವೇ ಬ್ರಿಡ್ಜ್ ಅಂದರೆ ಲಾರಿಯನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ಕಟ್ಟೆ. ತುಂಬಿದ ಲಾರಿಯ ತೂಕ ಗ್ರಾಸ್, ಖಾಲಿ ಲಾರಿಯದು ಟೇರ್, ಅದರಲ್ಲಿ ಇದನ್ನು ಕಳೆದರೆ ನೆಟ್, ಅಂದರೆ ಸರಕು. ಹೊರಟ ಕಡೆ ಇದ್ದಷ್ಟು ಸರಕು ಬಂದ ಕಡೆ ಇಲ್ಲದಿದ್ದರೆ ಅದಕ್ಕೆ ಶಾರ್ಟೇಜ್ ಎನ್ನುತ್ತಾರೆ. ಅದು ಎಲ್ಲಿ ಹೋಯಿತೆಂದು ಪತ್ತೆಯಾಗುವ ತನಕ ಲಾರಿ ಅಲ್ಲಾಡುವಂತಿಲ್ಲ. ಮೂವತ್ತನಾಲ್ಕು ವರ್ಷ ಚಿಕ್ಕಪ್ಪ ಮಾಡಿದ್ದು ಇಷ್ಟೇ. ಮಾಡಿ ಮಾಡಿ ಅವರ ಕೈಯೇ ತಕ್ಕಡಿಯಾಗಿಬಿಟ್ಟಿತು. ಯಾವ ವಸ್ತುವನ್ನಾದರೂ ಎತ್ತಿ ಕೊಟ್ಟರೆ ಐವತ್ತು ಗ್ರಾಮಿನ ಹೆಚ್ಚು ಕಮ್ಮಿಯಲ್ಲಿ ತೂಕ ಹೇಳುತ್ತಾರೆ. ಆಮೇಲೆ ಜೇಬಿನಿಂದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತೆಗೆದು ತಮ್ಮ ಕೈ ಸರಿಯೇ ಎಂದು ತೂಗಿ ನೋಡುತ್ತಾರೆ. ಕರ್ಚೀಫು ಮರೆತಾರು, ಆ ತಕ್ಕಡಿಯನ್ನು ಮರೆತ ದಿನವಿಲ್ಲ. ನಿವೃತ್ತಿಯ ದಿನ ವೇದಿಕೆಯ ಮೇಲೆ ಕೈಗಡಿಯಾರ ಕೊಟ್ಟರೆ ಅದನ್ನೂ ಅಲ್ಲೇ ಕೊಕ್ಕೆಗೆ ಸಿಕ್ಕಿಸಿದ ಪುಣ್ಯಾತ್ಮರು.

ಅವರ ಮದುವೆಯಾದದ್ದೂ ತಕ್ಕಡಿಯ ದೆಸೆಯಿಂದಲೇ. ಒಮ್ಮೆ ಅನಕಾಪಲ್ಲಿಯಿಂದ ಐದು ಕಿಲೋ ಬೆಲ್ಲ ಕೊಂಡು ತಂದರಂತೆ. ಮನೆಯಲ್ಲಿ ತೂಗಿದರೆ ನೂರು ಗ್ರಾಂ ಹೆಚ್ಚು. ಹೆಚ್ಚಾದದ್ದಕ್ಕೆ ಖುಷಿಪಡುವವರು ನಾವು ನೀವು. ಇವರು ಮರುದಿನ ಬಸ್ಸು ಹತ್ತಿ, ಆ ನೂರು ಗ್ರಾಂ ಬೆಲ್ಲವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ವ್ಯಾಪಾರಿಗೆ ಹಿಂದಿರುಗಿಸಲು ಹೋದರು. ಬೆಲ್ಲದ ವ್ಯಾಪಾರಿ ಇವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹೆಸರು, ಊರು, ಕೆಲಸ ಎಲ್ಲ ವಿಚಾರಿಸಿ, ಮೂರು ತಿಂಗಳಲ್ಲಿ ಮಗಳನ್ನೇ ಕೊಟ್ಟು ಕಳಿಸಿದರು. ಹೀಗೆ ತೆಲುಗಿನ ಚಿಕ್ಕಮ್ಮ ನಮ್ಮ ಮನೆಗೆ ಬಂದು ಕನ್ನಡ ಕಲಿತದ್ದು. ಮಕ್ಕಳಾಗಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಅಲ್ಲಿಂದಾಚೆಗೆ ನನ್ನ ತಲೆ ಬಾಚಿದವರು ಚಿಕ್ಕಮ್ಮ, ನನ್ನ ಸ್ಕೂಲ್ ಬ್ಯಾಗು ತೂಗಿದವರು ಚಿಕ್ಕಪ್ಪ.

ಸ್ಕೂಲ್ ಬ್ಯಾಗಿನಲ್ಲೇ ನಿಂತಿದ್ದರೆ ನಾನೂ ಕ್ಷಮಿಸುತ್ತಿದ್ದೆನೇನೋ. ನನ್ನನ್ನು ನೋಡಲು ಒಂದು ಗಂಡು ಬಂದಿತ್ತು. ಒಳ್ಳೆಯ ಗಂಡು, ಭೂಗೋಳದ ಮೇಷ್ಟ್ರು, ಕಣ್ಣಿಗೂ ಪರವಾಗಿಲ್ಲ. ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಚಿಕ್ಕಪ್ಪ ಕೇಳಿದರು, "ತೂಕ ಎಷ್ಟಪ್ಪ?" ಆತ ನಾಚಿಕೊಂಡು "ಎಪ್ಪತ್ತೆರಡು" ಅಂದ. ಅವರು ಹೊರಟುಹೋದ ಮೇಲೆ ಚಿಕ್ಕಪ್ಪನ ತೀರ್ಪು ಹೊರಬಿತ್ತು: "ಎಂಬತ್ತಕ್ಕೆ ಒಂದು ಗುಂಜಿ ಕಮ್ಮಿ ಇಲ್ಲ. ತನ್ನ ತೂಕದಲ್ಲೇ ಎಂಟು ಕಿಲೋ ಕದ್ದೋನು ನಾಳೆ ಇನ್ನೇನು ಕದೀತಾನೋ." ಸಂಬಂಧ ಅಲ್ಲಿಗೆ ಮುರಿಯಿತು. ನಾನು ಮದುವೆಯಾಗದೆ ಉಳಿದದ್ದಕ್ಕೆ ಅದೊಂದೇ ಕಾರಣವೆಂದರೆ ಸುಳ್ಳಾದೀತು. ಆದರೆ ಆ ಎಂಟು ಕಿಲೋವನ್ನು ನಾನು ಮರೆತಿಲ್ಲ.

ಅದಾದರೂ ಹೋಗಲಿ. ಅಪ್ಪನ ವಿಷಯ ಹೇಳುತ್ತೇನೆ. ಅಪ್ಪ ಹೋದಾಗ ನನಗೆ ಇಪ್ಪತ್ತೆರಡು. ಅಸ್ಥಿ ಬಿಡಲು ಭೀಮುನಿಪಟ್ಟಣಕ್ಕೆ ಹೋಗಿದ್ದೆವು. ಹೊಳೆ ಸಮುದ್ರಕ್ಕೆ ಸೇರುವ ಜಾಗ, ಪಕ್ಕದಲ್ಲಿ ಬಲೆ ಒಣಹಾಕಿದ್ದರು, ಮೀನಿನ ವಾಸನೆ. ಪುರೋಹಿತರು ನೀರಿಗಿಳಿದು ಕಾಯುತ್ತಿದ್ದರು. ಬಿಳಿ ಬಟ್ಟೆ ಕಟ್ಟಿದ ಮಡಕೆ ಹಿಡಿದು ಚಿಕ್ಕಪ್ಪ ದಡದಲ್ಲೇ ನಿಂತುಬಿಟ್ಟರು. ನಾನು ನೋಡುತ್ತಿದ್ದಂತೆ ಪಂಚೆಯ ಮಡಿಕೆಯಿಂದ ತಕ್ಕಡಿ ತೆಗೆದರು. ಬಟ್ಟೆಯ ಗಂಟಿಗೆ ಕೊಕ್ಕೆ ಸಿಕ್ಕಿಸಿದರು. ಎತ್ತಿ ಹಿಡಿದರು. "ಎರಡು ಕಿಲೋ ನೂರು" ಅಂದರು. ಮೆಲ್ಲಗೇ ಅಂದದ್ದು, ಆದರೆ ನನಗೆ ಕೇಳಿಸಿತು. ನಮ್ಮಪ್ಪ ಅಂಗಡಿಯ ಬೆಲ್ಲವೇ, ಬೇಳೆಯೇ? ಆಮೇಲೆ ಒಂದು ವರ್ಷ ನಾನು ಅವರೊಡನೆ ಮಾತಾಡಲಿಲ್ಲ. ಮಾತು ಶುರುವಾದ ಮೇಲೂ ಆ ವಿಷಯ ಎತ್ತಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡೆ.

ಈಗ ನಾನು ವಿಜಯವಾಡದ ಪಟಮಟದಲ್ಲಿ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲೇ ಒಂದು ರೂಮು. ಹದಿನೈದು ದಿನಕ್ಕೊಮ್ಮೆ ಶನಿವಾರ ಟ್ರೈನು ಹತ್ತಿ ವಿಶಾಖಪಟ್ಟಣದ ಗಾಜುವಾಕದ ಮನೆಗೆ ಬಂದು, ಭಾನುವಾರ ಮಧ್ಯಾಹ್ನ ಹಿಂದಿರುಗುತ್ತೇನೆ. ಚಿಕ್ಕಮ್ಮನಿಗಾಗಿ ಬರುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಸ್ಟೇಷನ್ನಿಗೆ ಬಿಡಲು ಮಾತ್ರ ಚಿಕ್ಕಪ್ಪನೇ ಬರಬೇಕು. ಸ್ಕೂಟರಿನಲ್ಲಿ ಕರೆತಂದು, ನನ್ನ ಬ್ಯಾಗನ್ನು ತಾವೇ ಹೊತ್ತು, ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು, ಎರಡನೇ ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಬೋಗಿಯ ಬಾಗಿಲಿಗೆ ತಂದು ಮುಟ್ಟಿಸುತ್ತಾರೆ. ಮುಟ್ಟಿಸಿ "ಐದೂ ನಾನೂರು. ಅದೇನು ಕಲ್ಲು ತುಂಬ್ಕಂಡು ಓಡಾಡ್ತೀಯೋ" ಎನ್ನುತ್ತಾರೆ. ಹನ್ನೊಂದು ವರ್ಷದಿಂದ ನನಗೆ ಸಿಕ್ಕ ಬೀಳ್ಕೊಡುಗೆ ಇದು. ಲಿಫ್ಟಿದೆ, ಅದರಲ್ಲಿ ಹೋಗೋಣ ಎಂದರೆ ಒಪ್ಪುವುದಿಲ್ಲ. "ಹದಿಮೂರು ಜನ ಅಂತ ಬರ್ದವ್ರೆ. ಯಾವ ಹದಿಮೂರು ಜನ? ನಮ್ಮಂಥೋರೋ, ಆ ಭೂಗೋಳದ ಮೇಷ್ಟ್ರಂಥೋರೋ?"

ಈ ಬೇಸಿಗೆಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪು ಪ್ರಾಣಬಿಟ್ಟಿತು. ದಪ್ಪನೆಯದು, ಎರಡೂವರೆ ಕಿಲೋ. ಕೀಲು ಮುರಿದು, ಮುಚ್ಚಳ ನಿಲ್ಲದೆ, ಗೋಡೆಗೆ ಒರಗಿಸಿಕೊಂಡು ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆ. ಹೊಸದು ಕೊಳ್ಳಲೇಬೇಕಿತ್ತು. ದಿನಬಳಕೆಗೆ ಸಣ್ಣದು, ಹಗುರವಾದದ್ದು ಸಾಕು ಎಂದು ನನಗೂ ಅನ್ನಿಸಿತ್ತು, ಆದರೆ ತೀರ ಸಣ್ಣದಲ್ಲ. ನನ್ನ ಕಣ್ಣಿಗೆ ಚಾಳೀಸು ಬಂದಿದೆ. ಸಮೀಕರಣಗಳಲ್ಲಿ ಮೇಲೆ ಕೂತಿರುವ ಪುಟ್ಟ ಅಂಕಿ ಎರಡೋ ಮೂರೋ ಕಾಣದಿದ್ದರೆ ಇನ್ನೂರು ಮಕ್ಕಳ ಉತ್ತರ ತಪ್ಪುತ್ತದೆ. ಪರದೆ ದೊಡ್ಡದಿರಬೇಕು, ತೂಕ ಒಂದೂವರೆ ಕಿಲೋದ ಆಸುಪಾಸು ಇರಬೇಕು ಎಂದು ಗೊತ್ತುಮಾಡಿಕೊಂಡೆ. ಇನ್ನೊಂದನ್ನೂ ಗೊತ್ತುಮಾಡಿಕೊಂಡೆ. ಈ ಒಂದು ವಸ್ತುವನ್ನಾದರೂ ಚಿಕ್ಕಪ್ಪನ ಕೊಕ್ಕೆಗೆ ಸಿಕ್ಕಿಸದೆ ನಾನೇ ಆರಿಸಿ ಕೊಳ್ಳಬೇಕು. ನಲವತ್ತನಾಲ್ಕು ವರ್ಷದ ಹೆಂಗಸಿಗೆ ಇದು ದೊಡ್ಡ ಆಸೆಯೇ?

ಊಟಕ್ಕೆ ಕೂತಾಗ ಚಿಕ್ಕಮ್ಮನ ಬಾಯಿಂದ ಸುದ್ದಿ ಜಾರಿತು. ಚಿಕ್ಕಪ್ಪ ತುತ್ತು ನಿಲ್ಲಿಸಿ ಹೇಳಿದರು, "ಒಂದು ಕಿಲೋ. ಚಾರ್ಜರ್ ಸೇರಿ. ಮೀರಬಾರದು."

"ಅಷ್ಟು ಹಗುರದ್ದು ಅಂಗೈ ಅಗಲ ಇರುತ್ತೆ ಚಿಕ್ಕಪ್ಪಾ. ನನ್ನ ಕಣ್ಣಿಗೆ ಆಗಲ್ಲ."

"ಕನ್ನಡಕ ಬದಲಾಯಿಸು."

"ಅಷ್ಟಕ್ಕೂ ಕಿಲೋ ಅನ್ನೋದು ತೂಕ ಅಲ್ಲ, ದ್ರವ್ಯರಾಶಿ. ತೂಕ ಹೇಳೋದು ನ್ಯೂಟನ್‌ನಲ್ಲಿ."

"ನಿಮ್ಮ ಪುಸ್ತಕ ಬರ್ದೋನು ಯಾವತ್ತಾದ್ರೂ ಲಾರಿ ತೂಗಿದ್ನಾ?" ಎಂದು ಕೇಳಿ ಮಜ್ಜಿಗೆ ಸುರಿದುಕೊಂಡರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಪ್ಯಾಂಟು ಹಾಕಿಕೊಂಡು ಸಿದ್ಧರಾಗಿದ್ದರು. ದ್ವಾರಕಾನಗರದ ಒಂದು ಅಂಗಡಿಗೆ ಹೋದೆವು. ಅಲ್ಲಿ ಮಾರಾಟಕ್ಕಿದ್ದಾಕೆ ತಾಳ್ಮೆಯ ಹೆಂಗಸು. ಸಾಲಾಗಿಟ್ಟ ಲ್ಯಾಪ್‌ಟಾಪುಗಳಲ್ಲಿ ಒಂದನ್ನು ತೋರಿಸಿ, ಕಿಲೋ ಇನ್ನೂರು ಗ್ರಾಂ ಎಂದಳು. ಚಿಕ್ಕಪ್ಪ ಜೇಬಿನಿಂದ ಮಾರ್ಕೆಟ್ಟಿನ ಬಟ್ಟೆಚೀಲ ತೆಗೆದರು. ಮೊದಲು ಖಾಲಿ ಚೀಲ ತೂಗಿದರು, ಟೇರ್ ಬೇಕಲ್ಲ! ಆಮೇಲೆ ಲ್ಯಾಪ್‌ಟಾಪನ್ನು ಚೀಲದೊಳಗೆ ಇಳಿಬಿಟ್ಟು ಕೊಕ್ಕೆಗೆ ನೇತುಹಾಕಿದರು. ಆಕೆಗೆ ಜೀವ ಬಾಯಿಗೆ ಬಂತು. "ಸಾರ್, ಇದಿ ಲ್ಯಾಪ್‌ಟಾಪ್ ಅಂಡಿ, ವಂಕಾಯಲು ಕಾದು," ಬದನೆಕಾಯಲ್ಲ ಸಾರ್, ಎಂದು ಕೈ ಒಡ್ಡಿ ನಿಂತಳು, ಬಿದ್ದರೆ ಹಿಡಿಯಲು.

"ಬದನೆಕಾಯಿಗೆ ತೊಟ್ಟಿರುತ್ತಲ್ಲಮ್ಮ, ತೊಟ್ಟು ಕಿತ್ತು ತೂಗ್ತಾರಾ?" ಎಂದು ಚಿಕ್ಕಪ್ಪ ಅವಳದೇ ತೆಲುಗಿನಲ್ಲಿ ಕೇಳಿದರು. "ಚಾರ್ಜರ್ ತಾ. ಚಾರ್ಜರ್ ಬಿಟ್ಟು ಲ್ಯಾಪ್‌ಟಾಪ್ ತೂಗೋದು ಅಂದ್ರೆ ಡ್ರೈವರ್ ಇಳಿಸಿ ಲಾರಿ ತೂಗಿದ ಹಂಗೆ. ಡ್ರೈವರ್ ಇಲ್ದೆ ಲಾರಿ ಹೋಗುತ್ತಾ?"

ಚಾರ್ಜರ್ ಬಂತು. ಕಿಲೋ ಐನೂರಾಯಿತು. ಸುತ್ತ ಜನ ಸೇರಿದರು. ಒಬ್ಬ ಗಿರಾಕಿ ತಾನು ಆಗಲೇ ಆರಿಸಿಕೊಂಡಿದ್ದನ್ನು ತಂದು "ಇದನ್ನೂ ಸ್ವಲ್ಪ ನೋಡಿ ಅಂಕಲ್" ಎಂದು ಸಾಲಿನಲ್ಲಿ ನಿಂತ. ಚಿಕ್ಕಪ್ಪ ಅದನ್ನು ತೂಗಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ, "ತೊಟ್ಟು ಕಿತ್ತವ್ರೆ" ಎಂದರು. ಆತ ಕೊಳ್ಳದೆ ಹೊರಟುಹೋದ. ಆಕೆ ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಚಾರ್ಜರ್ ಸೇರಿ ಒಂದು ಕಿಲೋದ ಒಂದೇ ಒಂದು ಇತ್ತು. ಪರದೆ ಎಷ್ಟು ಚಿಕ್ಕದೆಂದರೆ ಅಕ್ಷರಗಳು ಸಾಸಿವೆಯಂತೆ ಕಂಡವು. "ಇದೇ" ಎಂದರು ಚಿಕ್ಕಪ್ಪ. ನಾನು ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತೆ.

ವಿಜಯವಾಡಕ್ಕೆ ಹೋದವಳೇ ಅಲ್ಲಿನ ಒಂದು ಅಂಗಡಿಯಲ್ಲಿ ನನಗೆ ಬೇಕಾದ್ದನ್ನು ಕೊಂಡೆ. ದೊಡ್ಡ ಪರದೆ, ಬೂದು ಬಣ್ಣ, ಕಿಲೋ ಆರುನೂರು ಗ್ರಾಂ, ತೊಟ್ಟು ಬೇರೆ. ಯಾರೂ ತೂಗಲಿಲ್ಲ. ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರೂಮಿಗೆ ಬರುವಾಗ ಯಾವುದೋ ದೊಡ್ಡ ಕೋಟೆ ಗೆದ್ದಂತೆ ಬೀಗಿದ್ದು ನಿಜ. ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ, "ತಗೊಂಡೆ. ಚಾರ್ಜರ್ ಸೇರಿ ಒಂದು ಕಿಲೋ." ತೂಕದ ವಿಷಯದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು ಅದು. "ಒಳ್ಳೇದಾಯ್ತು ಅಮ್ಮಣ್ಣಿ, ಭಾಳ ಒಳ್ಳೇದಾಯ್ತು" ಎಂದರು. ಇಷ್ಟೊಂದು ಸಂತೋಷ ಯಾಕಪ್ಪಾ ಎಂದು ಒಂದು ಗಳಿಗೆ ಅನ್ನಿಸಿ ಮರೆತೆ.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಭಾನುವಾರ ಮಧ್ಯಾಹ್ನ ಸ್ಟೇಷನ್ನಿನಲ್ಲಿ ಚಿಕ್ಕಪ್ಪ ಸ್ಕೂಟರಿನಿಂದ ಬ್ಯಾಗು ಎತ್ತಿದರು. ಅವರ ಕೈ ಅರೆಗಳಿಗೆ ನಿಂತಿತು.

"ಲ್ಯಾಪ್‌ಟಾಪು ಒಂದೂ ಆರುನೂರು," ಎಂದರು. "ಚಾರ್ಜರ್ ಬೇರೆ."

ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ. ಬೈಯಲಿಲ್ಲ. ಬ್ಯಾಗನ್ನು ಎಡಗೈಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತತೊಡಗಿದರು. ಮೊದಲ ತಿರುವಿನಲ್ಲಿ ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಒಂದು ಕೈ ಹೊಟ್ಟೆಯ ಕೆಳಗೆ ಒತ್ತಿ ಹಿಡಿದಿದ್ದರು. ಜನ ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

"ಕೊಡಿ, ನಾನು ತಗೊಳ್ತೀನಿ," ಎಂದೆ.

"ಬ್ಯಾಡ."

"ಹಂಗಾದ್ರೆ ಲಿಫ್ಟಲ್ಲಿ ಹೋಗೋಣ."

"ಬ್ಯಾಡ ಅಂದ್ನಲ್ಲ. ಒಂದು ಕಿಲೋ ಅಂತ ಹೇಳಿದ್ದೆ ನಾನು. ಹೇಳಿದ್ದೆನಾ, ಇಲ್ವಾ?"

ನನಗೆ ತಲೆ ಕೆಟ್ಟಿತು. ಮುನಿಸಿಕೊಂಡು ನಾಟಕವಾಡುತ್ತಿದ್ದಾರೆ ಎಂದೇ ತಿಳಿದೆ. "ನೀವು ತೂಗದೆ ಬಿಟ್ಟಿದ್ದು ಯಾವುದಿದೆ ಹೇಳಿ ಚಿಕ್ಕಪ್ಪಾ," ಎಂದೆ. "ನೋಡೋಕೆ ಬಂದ ಗಂಡನ್ನ ತೂಗಿದ್ರಿ. ನಮ್ಮಪ್ಪನ ಅಸ್ಥೀನೂ ಬಿಡಲಿಲ್ಲ. ನಾನಲ್ಲೇ ನಿಂತಿದ್ದೆ, ನಂಗೆ ಕೇಳಿಸ್ತು."

ಇಪ್ಪತ್ತೆರಡು ವರ್ಷ ಇಟ್ಟುಕೊಂಡದ್ದು ಸ್ಟೇಷನ್ನಿನ ಮೆಟ್ಟಿಲ ಮೇಲೆ, ಕಡಲೆಕಾಯಿ ಮಾರುವವನ ಎದುರಿಗೆ ಹೊರಬಿತ್ತು. ಚಿಕ್ಕಪ್ಪ ನನ್ನನ್ನು ನೋಡಲಿಲ್ಲ. "ಟ್ರೈನ್ ಬರೋ ಹೊತ್ತಾಯ್ತು, ನಡಿ," ಎಂದು ಬ್ಯಾಗು ಎತ್ತಿಕೊಂಡರು. ಬೋಗಿಯ ಬಾಗಿಲಲ್ಲಿ ಬ್ಯಾಗು ಕೊಟ್ಟಾಗ ತೂಕ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಅನಕಾಪಲ್ಲಿ ದಾಟಿದ ಮೇಲೆ ಚಿಕ್ಕಮ್ಮನ ಫೋನು.

"ಅಮ್ಮಾಯಿ, ಬ್ಯಾಗು ಯಾರು ಹೊತ್ರು?"

"ಇನ್ಯಾರು, ನಿಮ್ಮ ಯಜಮಾನ್ರೇ."

"ಅಯ್ಯೋ ರಾಮ. ಬಂದೋರೇ ಮಲಗಿಬಿಟ್ರು ಕದಾ, ಮಾತೇ ಇಲ್ಲ. ಅವರಿಗೆ ಹರ್ನಿಯಾ ಅಂತೆ. ಎರಡು ತಿಂಗಳಾಯ್ತು. ಆಪರೇಷನ್ ಆಗೋ ತನಕ ನಾಲ್ಕು ಕಿಲೋ ಮೇಲೆ ಎತ್ತಬೇಡಿ ಅಂದಿದಾರೆ ಡಾಕ್ಟರುಗಾರು. ಇವರು ಏನು ಕೇಳಿದ್ರು ಗೊತ್ತಾ ಅಲ್ಲಿ? ನಾಲ್ಕು ಅಂದ್ರೆ ಬ್ಯಾಗು ಸೇರಿನಾ, ಬ್ಯಾಗು ಬಿಟ್ಟಾ ಅಂತ. ಡಾಕ್ಟರು ನಕ್ಕರು. ನಂಗೆ ನಗು ಬರಲಿಲ್ಲ."

"ನಂಗೆ ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

"ಹೇಳಬೇಡ ಅಂದ್ರು ಕದಾ. ಹೇಳಿದ್ರೆ ನೀನು ಬ್ಯಾಗು ಕೊಡಲ್ಲ ಅಂತ."

ನಾನು ಭೌತಶಾಸ್ತ್ರ ಹೇಳಿಕೊಡುವವಳು. ಒಂದು ಕಳೆಯುವ ಲೆಕ್ಕ ಮಾಡಲು ಹದಿನೈದು ದಿನ ತಡವಾಗಿತ್ತು. ಖಾಲಿ ಬ್ಯಾಗು, ಬಟ್ಟೆ, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲ ಸೇರಿ ಮೂರು ಕಿಲೋ. ಹನ್ನೊಂದು ವರ್ಷ ಹೊತ್ತವರಿಗೆ ಅದು ಗೊತ್ತಿರದೆ ಇರುತ್ತದೆಯೇ? ನಾಲ್ಕರಲ್ಲಿ ಮೂರು ಕಳೆದರೆ ಉಳಿಯುವುದು ಒಂದು. ಚಾರ್ಜರ್ ಸೇರಿ. ಆ ರಾದ್ಧಾಂತವೆಲ್ಲ ನನ್ನ ಬ್ಯಾಗು ಹೊರುವ ಕೆಲಸ ತಮ್ಮ ಕೈ ತಪ್ಪಬಾರದೆಂದು. ಹಾಳು ಮುದುಕ, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು ಬೈದುಕೊಂಡೆ. ಬೈಯುತ್ತಲೇ ಅತ್ತೆ. ಎದುರಿಗೆ ಕೂತಿದ್ದ ಹೆಂಗಸು ಏನೂ ಕೇಳದೆ ಒಂದು ಬಾಳೆಹಣ್ಣು ಕೊಟ್ಟಳು.

ಹದಿನೈದು ದಿನದ ಮೇಲೆ ಮತ್ತೆ ಭಾನುವಾರ. ಎರಡು ಬ್ಯಾಗು ಮಾಡಿದೆ. ಲ್ಯಾಪ್‌ಟಾಪಿನದು ನನ್ನ ಹೆಗಲಿಗೆ. ಬಟ್ಟೆ, ಡಬ್ಬಿಯ ಜೊತೆ ಒಂದು ಪುಸ್ತಕವೂ ಇದ್ದ ಇನ್ನೊಂದನ್ನು ಹಿಡಿದು ಚಿಕ್ಕಪ್ಪನ ಮುಂದೆ ನಿಂತು, "ನಿಮ್ಮ ತಕ್ಕಡಿ ಕೊಡಿ," ಎಂದೆ. ಹುಟ್ಟಿದಾಗಿನಿಂದ ನಾನಾಗಿ ಆ ತಕ್ಕಡಿಯನ್ನು ಕೇಳಿದವಳಲ್ಲ. ಅವರು ತೆಗೆದು ಕೊಟ್ಟರು. ಕೊಕ್ಕೆಗೆ ಬ್ಯಾಗು ಸಿಕ್ಕಿಸಿ ಎತ್ತಿ ಹಿಡಿದೆ.

"ಮೂರೂ ಆರುನೂರು," ಎಂದೆ.

ಅವರು ಬಗ್ಗಿ ಮುಳ್ಳನ್ನು ನೋಡಿ, ಅಡುಗೆಮನೆಯ ಬಾಗಿಲಲ್ಲಿ ತಪ್ಪಿತಸ್ಥಳಂತೆ ನಿಂತಿದ್ದ ಚಿಕ್ಕಮ್ಮನನ್ನು ನೋಡಿದರು. ಯಾರು ಹೇಳಿದರು, ಏನು ಹೇಳಿದರು ಎಂದು ಕೇಳಲಿಲ್ಲ. "ಇನ್ನೂ ನಾನೂರು ಗ್ರಾಂ ಜಾಗ ಐತೆ," ಎಂದರು. "ಬೆಲ್ಲ ಹಾಕ್ಕೊಡು ಇವಳಿಗೆ."

ಮೇಲ್ಸೇತುವೆಯ ಮೊದಲ ತಿರುವಿನಲ್ಲಿ, ಹೋದ ಸಲ ಕೂತಿದ್ದ ಮೆಟ್ಟಿಲಲ್ಲೇ, ಚಿಕ್ಕಪ್ಪ ನಿಂತರು. ನೋವೇನೋ ಎಂದು ನಾನು ಗಾಬರಿಯಿಂದ ಹತ್ತಿರ ಹೋದೆ. ಅವರು ಹಳಿಗಳ ಕಡೆ ನೋಡುತ್ತಿದ್ದರು.

"ಅಣ್ಣ ಎಪ್ಪತ್ತೆಂಟು ಕಿಲೋ ಇದ್ದ ಅಮ್ಮಣ್ಣಿ," ಎಂದರು. "ಆಸ್ಪತ್ರೆಗೆ ಸೇರಿಸೋ ದಿನ ನಾನೇ ಎತ್ಕಂಡು ಹೋಗಿದ್ದು, ಈ ಕೈಯಾಗೆ. ಅಲ್ಲಿ ಸಮುದ್ರದ ತಾವ ನನ್ನ ಕೈಗೆ ಬಂದಿದ್ದು ಎರಡು ಕಿಲೋ ನೂರು. ಕೈ ತಪ್ಪು ಹೇಳ್ತಾ ಐತೇನೋ ಅಂತ ತೂಗಿ ನೋಡ್ದೆ. ಅಷ್ಟೇ ಇತ್ತು. ಅಂಥ ಶಾರ್ಟೇಜು ನನ್ನ ಸರ್ವೀಸಲ್ಲೇ ಕಂಡಿರ್ಲಿಲ್ಲ. ಎಲ್ಲಿ ಹೋಯ್ತು ಅಂತ ಇನ್ನೂ ಹುಡುಕ್ತಾನೇ ಇವ್ನಿ."

ಟ್ರೈನು ಬರುತ್ತಿರುವುದಾಗಿ ಧ್ವನಿವರ್ಧಕದಲ್ಲಿ ಹೇಳಿದರು. ಚಿಕ್ಕಪ್ಪ ಬ್ಯಾಗು ಎತ್ತಿಕೊಂಡರು. ಅದಕ್ಕೆ ಎರಡು ಹಿಡಿಗಳಿವೆ. ಒಂದನ್ನು ನಾನು ಹಿಡಿದೆ. ಬೇಡ ಅನ್ನಲಿಲ್ಲ. ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದೆವು. ಯಾರ ಕೈಗೆ ಎಷ್ಟು ಭಾರ ಬಂತೆಂದು ಆ ದಿನ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.